ಬಿಳಿಯ ಪಟ್ಟಿ ಯಾರದು? ರಾಷ್ಟ್ರಧ್ವಜದ ಅರ್ಥವಿಚಾರ

ಆಗಸ್ಟ್ 15ರಂದು, ಮಾತೆ ಮರಿಯಮ್ಮನವರ ಸ್ವರ್ಗಸ್ವೀಕಾರ ಮಹೋತ್ಸವದ ಬಲಿಪೂಜೆಯ ಬಳಿಕ, ನಮ್ಮ ಅನೇಕ ದೇವಾಲಯಗಳ ಅಂಗಳದಲ್ಲಿ ತ್ರಿವರ್ಣ ಧ್ವಜ ಏರುತ್ತದೆ. ಆಗಿನ ಭಾಷಣಗಳಲ್ಲಿ ಕೇಸರಿ ಹಿಂದೂಗಳ, ಹಸಿರು ಮುಸಲ್ಮಾನರ, ಬಿಳಿ ಕ್ರೈಸ್ತರ ಬಣ್ಣವೆಂಬ ವಿವರಣೆ ಕೇಳಿಬರುವುದುಂಟು. ಸೌಹಾರ್ದದ ಆಶಯದಿಂದಲೇ ಹೊರಡುವ ಈ ಮಾತನ್ನು ಇತಿಹಾಸದ ಬೆಳಕಿನಲ್ಲಿ ಪರಿಶೀಲಿಸುವುದು ಉಚಿತ.

ಈ ವಿವರಣೆ ನಿರಾಧಾರವಾದುದಲ್ಲ. 1921ರ ಏಪ್ರಿಲ್‌ನಲ್ಲಿ ಗಾಂಧೀಜಿಯವರು ‘ಯಂಗ್ ಇಂಡಿಯಾ’ ಪತ್ರಿಕೆಯಲ್ಲಿ ಧ್ವಜದ ಕುರಿತು ಬರೆದಾಗ, ಕೆಂಪು ಹಿಂದೂಗಳನ್ನೂ ಹಸಿರು ಮುಸಲ್ಮಾನರನ್ನೂ ಬಿಳಿ ಇತರ ಎಲ್ಲ ಧರ್ಮಗಳನ್ನೂ ಸೂಚಿಸಬೇಕೆಂದಿದ್ದರು. ಅಲ್ಲಿಯೂ ಬಿಳಿಯು ಕ್ರೈಸ್ತರಿಗೆ ಮೀಸಲಾದ ಬಣ್ಣವಾಗಿರಲಿಲ್ಲ; ಅದು ‘ಇತರರ’ ಬಣ್ಣ. ಅನುಗ್ರಹಪೂರ್ವಕವಾಗಿ ಕೊಟ್ಟ ಪಾಲಾದರೂ ಪಾಲು ಪಾಲೇ. ಒಬ್ಬರಿಗೆ ಪಾಲು ಸಂದ ಮೇಲೆ ಮತ್ತೊಬ್ಬರು ಕೇಳದಿರಲಾರರು. ತಮಗೂ ಪ್ರತ್ಯೇಕ ಬಣ್ಣ ಬೇಕೆಂದು ಸಿಖ್ಖರು ಆಗ್ರಹಿಸಿದರು.

1931ರಲ್ಲಿ ಕಾಂಗ್ರೆಸ್ಸು ಈ ಪ್ರಶ್ನೆಯ ಪರಿಶೀಲನೆಗೆ ಏಳು ಮಂದಿಯ ಸಮಿತಿಯನ್ನು ನೇಮಿಸಿತು. ಪಟೇಲ್, ನೆಹರೂ, ಆಜಾದ್, ಮಾಸ್ಟರ್ ತಾರಾ ಸಿಂಗ್ ಅವರೊಡನೆ, ಹುಬ್ಬಳ್ಳಿಯಲ್ಲಿ ಸೇವಾದಳವನ್ನು ಕಟ್ಟಿದ ಡಾ. ನಾ. ಸು. ಹರ್ಡೀಕರರೂ ಅದರಲ್ಲಿದ್ದರು. ಚರಕವುಳ್ಳ ಏಕವರ್ಣದ ಕೇಸರಿ ಧ್ವಜವನ್ನು ಸಮಿತಿ ಶಿಫಾರಸು ಮಾಡಿತು. ಆದರೆ ಆಗಸ್ಟ್‌ನಲ್ಲಿ ಮುಂಬಯಿಯಲ್ಲಿ ಸೇರಿದ ಅಖಿಲ ಭಾರತ ಕಾಂಗ್ರೆಸ್ ಸಮಿತಿಯು ಮೂರು ಬಣ್ಣಗಳನ್ನೇ ಉಳಿಸಿಕೊಂಡು, ಅವುಗಳಿಗೆ ಯಾವ ಮತೀಯ ಅರ್ಥವೂ ಇಲ್ಲವೆಂದು ಸಾರಿತು. ಕೇಸರಿ ಧೈರ್ಯ ಮತ್ತು ತ್ಯಾಗಕ್ಕೆ, ಬಿಳಿ ಶಾಂತಿ ಮತ್ತು ಸತ್ಯಕ್ಕೆ, ಹಸಿರು ಶ್ರದ್ಧೆ ಮತ್ತು ಶೌರ್ಯಕ್ಕೆ ಸಂಕೇತವಾದವು. ಜನಸಮುದಾಯಗಳ ಸ್ಥಾನದಲ್ಲಿ ಸದ್ಗುಣಗಳು ಬಂದು ನಿಂತವು.

1947ರ ಜುಲೈ 22ರಂದು ಸಂವಿಧಾನ ಸಭೆ ಅಂಗೀಕರಿಸಿದ ನಿರ್ಣಯ ಇನ್ನೂ ಮಿತಭಾಷಿ. ಸಮಪ್ರಮಾಣದ ಮೂರು ಪಟ್ಟಿಗಳು, ನಡುವೆ ನೀಲಿಯ ಚಕ್ರ, ಅಗಲ ಉದ್ದಗಳಿಗೆ 2:3ರ ಅನುಪಾತ: ಇಷ್ಟನ್ನೇ ಅದು ವಿಧಿಸುತ್ತದೆ, ಬಣ್ಣಗಳ ಅರ್ಥವನ್ನು ಹೇಳುವುದಿಲ್ಲ. ನಿರ್ಣಯವನ್ನು ಮಂಡಿಸಿದ ನೆಹರೂ ಮತೀಯ ಅರ್ಥವನ್ನು ಸ್ಪಷ್ಟವಾಗಿ ನಿರಾಕರಿಸಿದರು. ರಾಧಾಕೃಷ್ಣನ್ ಅವರು ಕೇಸರಿಯಲ್ಲಿ ವೈರಾಗ್ಯವನ್ನೂ ಬಿಳಿಯಲ್ಲಿ ಸತ್ಯದ ಬೆಳಕನ್ನೂ ಹಸಿರಿನಲ್ಲಿ ಮಣ್ಣಿನೊಡನೆ ನಮಗಿರುವ ನಂಟನ್ನೂ ಚಕ್ರದಲ್ಲಿ ಧರ್ಮದ ಚಲನೆಯನ್ನೂ ಕಂಡರು. ಈ ಯಾವ ಗುಣವೂ ಒಂದು ಸಮುದಾಯದ ಸ್ವತ್ತಲ್ಲ.

ಇದರಿಂದ ನಮಗೇನು? ಬಿಳಿ ನಮ್ಮದೆಂದು ಹೇಳಿಕೊಂಡಾಗ ಉಳಿದೆರಡು ನಮ್ಮವಲ್ಲವೆಂದು ನಾವೇ ಒಪ್ಪಿಕೊಂಡಂತಾಗುತ್ತದೆ. ಇಡೀ ಮನೆಯ ಹಕ್ಕುದಾರರು ಒಂದು ಕೋಣೆಗೆ ತೃಪ್ತರಾದಂತೆ. ಸಂವಿಧಾನ ಸಭೆಯ ಉಪಾಧ್ಯಕ್ಷರಾಗಿದ್ದ ಕ್ರೈಸ್ತ ಎಚ್. ಸಿ. ಮುಖರ್ಜಿಯವರು 1949ರಲ್ಲಿ ಧಾರ್ಮಿಕ ಅಲ್ಪಸಂಖ್ಯಾತರ ಮೀಸಲು ಸ್ಥಾನಗಳನ್ನು ಕೈಬಿಡುವ ಪರವಾಗಿ ನಿಂತರು. ಆ ನಿಲುವಿನ ಲಾಭನಷ್ಟಗಳನ್ನು ಇಂದು ಚರ್ಚಿಸಬಹುದು. ಆದರೆ ಅದು ಪಾಲಿನ ಭಾಷೆಯನ್ನು ಬಿಟ್ಟು ಪೂರ್ಣ ಪೌರತ್ವದ ಭಾಷೆಯನ್ನು ಆರಿಸಿಕೊಂಡಿತೆಂಬುದು ನಿರ್ವಿವಾದ. ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ 12ನೆಯ ಅಧ್ಯಾಯದಲ್ಲಿ ಸಂತ ಪೌಲರು ಅಂಗಗಳ ಭಿನ್ನತೆಯನ್ನು ಎತ್ತಿಹಿಡಿಯುವುದು ದೇಹವನ್ನು ಹಂಚಿಕೊಳ್ಳುವುದಕ್ಕಲ್ಲ, ಒಂದು ಅಂಗದ ನೋವು ಎಲ್ಲ ಅಂಗಗಳ ನೋವೆಂದು ತಿಳಿಸುವುದಕ್ಕೆ. ಧರ್ಮಸಭೆಯನ್ನು ಕುರಿತ ಆ ಬೋಧನೆ ರಾಷ್ಟ್ರಕ್ಕೆ ಯಥಾವತ್ತಾಗಿ ಅನ್ವಯಿಸದು. ಆದರೂ ಅದರಲ್ಲಿ ನಮ್ಮ ಪೌರಜೀವನಕ್ಕೆ ಪಾಠವಿದೆ.

ಆದುದರಿಂದ ಮುಂದಿನ ಆಗಸ್ಟ್‌ನಲ್ಲಿ ಧ್ವಜದ ಬುಡದಲ್ಲಿ ನಿಂತು ಮಾತನಾಡುವ ಗುರುಗಳು ಭಕ್ತಜನರಿಗೆ ಬಣ್ಣವನ್ನು ಹಂಚದಿರಲಿ. ತ್ಯಾಗ, ಸತ್ಯ, ಶ್ರದ್ಧೆ ಮೂರೂ ನಮ್ಮಿಂದ ಅಪೇಕ್ಷಿತವೆಂದು ತಿಳಿಸಲಿ.