ಮಾನಸೋಲ್ಲಾಸದ ಭಾರಶ್ರಮವೂ ತರ್ದವಾಡಿ ನಾಡಿನ ಗುಂಡುಕಲ್ಲೂ

ಭಾರವೆತ್ತುವವನ ಮೈ ಬಲಿಯುತ್ತದೆ, ಆದರೆ ಬಾಗುವುದಿಲ್ಲವೆಂಬ ನಂಬಿಕೆಯು ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಪಾಶ್ಚಾತ್ಯ ವ್ಯಾಯಾಮಶಿಕ್ಷಕರಲ್ಲಿ ಆಳವಾಗಿ ಬೇರೂರಿದ್ದಿತು. ಓಟಗಾರನಿಗೂ ಈಜುಗಾರನಿಗೂ ಭಾರವು ವರ್ಜ್ಯವೆಂದೇ ಅವರಲ್ಲಿ ಅನೇಕರು ಬಗೆದಿದ್ದರು. ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಕಾಲೇಜಿನ ಶರೀರಶಾಸ್ತ್ರಜ್ಞ ಪೀಟರ್ ಕಾರ್ಪೊವಿಚ್ ಅವರೂ ಮೊದಲು ಈ ಪಕ್ಷದವರೇ. 1940ರಲ್ಲಿ ಅಲ್ಲಿಗೆ ಬಂದ ಜಾನ್ ಗ್ರಿಮೆಕ್ ಎಂಬ ಪ್ರಸಿದ್ಧ ಬಲಶಾಲಿಯನ್ನು, ನಿನ್ನ ಬೆನ್ನನ್ನು ನೀನೇ ತುರಿಸಿಕೊಳ್ಳಬಲ್ಲೆಯಾ ಎಂದು ಅವರು ಕೇಳಿದರಂತೆ. ಗ್ರಿಮೆಕ್ ತುರಿಸಿಕೊಂಡು ತೋರಿಸಿದ್ದಲ್ಲದೆ ಕಾಲುಗಳನ್ನು ಚಾಚಿ ನೆಲಕ್ಕೆ ಹತ್ತಿ ಕುಳಿತನು. ಮುಂದೆ 1951ರಲ್ಲಿ ಜೋರ್ಬಾಸ್ ಮತ್ತು ಕಾರ್ಪೊವಿಚ್ ಪ್ರಕಟಿಸಿದ ಪ್ರಯೋಗದಲ್ಲಿ, ಭಾರವೆತ್ತುವ 300 ಮಂದಿಯ ತೋಳಿನ ಚಲನೆಯು ಎತ್ತದ 300 ಮಂದಿಯದಕ್ಕಿಂತ ಶೀಘ್ರವಾದುದೆಂದು ಕಂಡುಬಂದಿತು.

ನಮ್ಮ ಮಲ್ಲವಿದ್ಯೆಯಲ್ಲಿ ಈ ಶಂಕೆ ತಲೆಯೆತ್ತಲು ಎಡೆಯೇ ಇದ್ದಂತಿಲ್ಲ. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನು ಸುಮಾರು 1130ರಲ್ಲಿ ರಚಿಸಿದ ಸಂಸ್ಕೃತ ಗ್ರಂಥ ಮಾನಸೋಲ್ಲಾಸದಲ್ಲಿ ಮಲ್ಲವಿನೋದವೆಂಬ ಪ್ರಕರಣವಿದೆ. ಅದರಲ್ಲಿ ಮಲ್ಲರ ಅಭ್ಯಾಸಗಳನ್ನು ಹೇಳುವಾಗ ಭಾರಶ್ರಮದ ಜೊತೆಗೇ ಭ್ರಮಣಶ್ರಮ, ಸಲಿಲಶ್ರಮ, ಸ್ತಂಭಶ್ರಮ ಮೊದಲಾದವು ಬರುತ್ತವೆ. ಭಾರ, ನಡಿಗೆ, ನೀರು, ಕಂಬ: ಇವು ಒಬ್ಬನೇ ಮಲ್ಲನು ಮಾಡಬೇಕಾದ ಸಾಧನೆಗಳೆಂಬುದು ಗಮನಾರ್ಹ. ಭಾರವು ಕಸುವನ್ನು ತಂದರೆ ನೀರೂ ಕಂಬವೂ ಕೀಲುಗಳನ್ನು ಸಡಿಲವಾಗಿರಿಸುತ್ತವೆ.

ಇಂದಿನ ಇಂಡಿ, ಸಿಂದಗಿ ಭಾಗಗಳು ಆ ಕಾಲದಲ್ಲಿ ಬಹುಮಟ್ಟಿಗೆ ತರ್ದವಾಡಿ ಸಾಸಿರಕ್ಕೆ ಸೇರಿದ್ದವು. ಚಾಲುಕ್ಯವಂಶವನ್ನು ಮತ್ತೆ ಎತ್ತಿ ನಿಲ್ಲಿಸಿದ ತೈಲಪನು, ರಾಷ್ಟ್ರಕೂಟರ ಅಧೀನನಾಗಿ ಮೊದಲು ಆಳಿದುದು ಈ ನಾಡನ್ನೇ. ಹಾಗೆಂದು ಅರಮನೆಯ ಗ್ರಂಥವೊಂದನ್ನು ಹಿಡಿದು, ಕನ್ನೊಳ್ಳಿಯಂತಹ ಊರಿನ ಒಕ್ಕಲುಮಗನೂ ಇದನ್ನೇ ಅಭ್ಯಾಸಮಾಡಿದನೆಂದು ಸಾಧಿಸಹೊರಡುವುದು ಇತಿಹಾಸವೆನಿಸಲಾರದು. ರಾಜನು ಬರೆಯಿಸಿದುದು ತನ್ನ ವಿನೋದಕ್ಕಾಗಿ ಸಾಕಿದ ಮಲ್ಲರ ವಿಷಯ. ಹಳ್ಳಿಯ ಸಾಕ್ಷ್ಯವನ್ನು ಹಳ್ಳಿಯಲ್ಲಿಯೇ ಅರಸಬೇಕು.

ಆ ಸಾಕ್ಷ್ಯವೆಂದರೆ ಗುಂಡುಕಲ್ಲು. ಇದಕ್ಕೆ ಹಿಡಿಯಿಲ್ಲ. ಎತ್ತುವವನು ಪೂರ್ಣವಾಗಿ ಕುಕ್ಕರಿಸಿ, ಕಲ್ಲನ್ನು ತಬ್ಬಿ ತೊಡೆಗೇರಿಸಿ, ಅಲ್ಲಿಂದ ಎದೆಗೆ, ಎದೆಯಿಂದ ಹೆಗಲಿಗೆ ತಂದು ಹಿಂದಕ್ಕೆ ಕೆಡಹುತ್ತಾನೆ. ಸೊಂಟವೂ ಮೊಣಕಾಲೂ ಬಾಗದವನಿಗೆ ಎಷ್ಟೇ ಬಲವಿದ್ದರೂ ಕಲ್ಲು ನೆಲ ಬಿಡದು. ಬಿಗಿದ ಭುಜದವನ ಎದೆಯ ಮೇಲೆಯೇ ಅದು ನಿಂತುಬಿಡುವುದು. ತಾಲೀಮಿನಲ್ಲಿ ದಂಡ, ಬಸ್ಕಿಗಳು ಮುಗಿದ ಮೇಲೆ ಗದೆ ತಿರುಗಿಸುವ ರೂಢಿಯನ್ನೂ ಈ ಬೆಳಕಿನಲ್ಲಿಯೇ ನೋಡಬೇಕು; ಆ ತಿರುವಿನಲ್ಲಿ ಭುಜದ ಕೀಲು ಭಾರದೊಡನೆಯೇ ಪೂರ್ಣ ಸುತ್ತುತ್ತದೆ.

ವಿಜಯಪುರದ ಸಿದ್ಧೇಶ್ವರ ಜಾತ್ರೆಯಲ್ಲಿ ಸಂಕ್ರಾಂತಿಯ ದಿನಗಳಲ್ಲಿ ಭಾರವೆತ್ತುವ ಸ್ಪರ್ಧೆಗಳು ಇಂದಿಗೂ ನಡೆಯುತ್ತವೆ. ಸಂಗ್ರಾಣಿ ಕಲ್ಲು ಎತ್ತುವ ರೂಢಿಯೂ ಈ ಸೀಮೆಯಲ್ಲಿ ಉಳಿದಿದೆ. ಜನರು ನೋಡುವುದು, ಪತ್ರಿಕೆಗಳು ಬರೆಯುವುದು ಎತ್ತಿದ ತೂಕವನ್ನು ಮಾತ್ರ. ಆ ದಿನಕ್ಕೆ ಮೈಯನ್ನು ಸಿದ್ಧಗೊಳಿಸಿದ ವರ್ಷಾವಧಿಯ ಸಾಮು ಯಾವುದು, ಅದರ ಕ್ರಮವೇನು ಎಂಬುದು ತಾಲೀಮಿನ ಹಿರಿಯರ ನೆನಪಿನಲ್ಲಿ ಮಾತ್ರವಿರುವ ಸಂಗತಿ. ಕಲ್ಲನ್ನು ಯಾವಾಗ ಬೇಕಾದರೂ ತೂಗಬಹುದು. ಹಿರಿಯರ ಮಾತನ್ನು ಈಗಲೇ ಬರೆದುಕೊಳ್ಳಬೇಕಾಗಿದೆ.