ಆರ್ ತಂತ್ರಾಂಶದಲ್ಲಿ ಇಂಗ್ಲಿಷೇತರ ಪಠ್ಯ

ಆರ್ ಎಂಬುದು ಸಂಖ್ಯಾಶಾಸ್ತ್ರದ ಲೆಕ್ಕಾಚಾರಕ್ಕೆಂದೇ ಹುಟ್ಟಿದ ಮುಕ್ತ ತಂತ್ರಾಂಶ. ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾಲಯದಲ್ಲಿ ರಾಸ್ ಇಹಾಕ ಮತ್ತು ರಾಬರ್ಟ್ ಜೆಂಟಲ್‌ಮನ್ 1990ರ ದಶಕದ ಆರಂಭದಲ್ಲಿ ಇದಕ್ಕೆ ಕೈಹಾಕಿದರು, 1.0.0 ಆವೃತ್ತಿ ಹೊರಬಂದದ್ದು 2000ದ ಫೆಬ್ರವರಿ 29ರಂದು. ಇದಕ್ಕೆ ಮಾದರಿಯಾದ ಎಸ್ ಭಾಷೆ 1976ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ರೂಪುಗೊಳ್ಳತೊಡಗಿತ್ತು. ಇಂಗ್ಲಿಷ್ ಅಕ್ಷರಗಳ ಸಂಕೇತಪಟ್ಟಿಯಾದ ಆಸ್ಕಿಯ 128 ಸಂಕೇತಗಳಲ್ಲೇ ಜಗತ್ತು ಮುಗಿಯುತ್ತಿದ್ದ ಕಾಲವದು. ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕೆಂಬ ನಂಬಿಕೆಯನ್ನು ಹೆಚ್ಚಿನವರು ಪ್ರಶ್ನಿಸುತ್ತಿರಲಿಲ್ಲ.

ಅಂಕಿಗಳ ತಂತ್ರಾಂಶಕ್ಕೆ ಅಕ್ಷರಗಳ ಗೊಡವೆ ಯಾಕೆ ಎನ್ನಬಹುದು. ಎಣಿಸುವ ಮೊದಲು ಗುಂಪು ಮಾಡಬೇಕು, ಗುಂಪಿಗೊಂದು ಹೆಸರು ಬೇಕು. ಊರು, ಬೆಳೆ, ಕಾಯಿಲೆ ಎಲ್ಲವೂ ದತ್ತಾಂಶದೊಳಕ್ಕೆ ಪದಗಳಾಗಿಯೇ ಬರುತ್ತವೆ. ಪದ ಕೆಟ್ಟರೆ ಎಣಿಕೆಯೂ ಕೆಡುತ್ತದೆ.

ದೊಡ್ಡ ತಿರುವು 2005ರ ಏಪ್ರಿಲ್‌ನಲ್ಲಿ ಬಂದ 2.1.0 ಆವೃತ್ತಿ. ಬ್ರಯನ್ ರಿಪ್ಲೆ ಮುಂತಾದವರ ದುಡಿಮೆಯಿಂದ ಎಲ್ಲ ಲಿಪಿಗಳಿಗೂ ಸಂಕೇತ ಕೊಡುವ ಯೂನಿಕೋಡಿನ ಯುಟಿಎಫ್-8 ರೂಪ ಸೇರಿದಂತೆ ಬಹುಬೈಟ್ ಸಂಕೇತಗಳಿಗೆ ಆರ್ ಒಗ್ಗಿಕೊಂಡಿತು. ದೋಷಸಂದೇಶಗಳನ್ನು ಬೇರೆ ಭಾಷೆಗಳಿಗೆ ಅನುವಾದಿಸುವ ದಾರಿಯೂ ತೆರೆಯಿತು. ಮುಂದೆ ಪ್ರತಿಯೊಂದು ಪದಕ್ಕೂ ಇದು ಲ್ಯಾಟಿನ್-1, ಇದು ಯುಟಿಎಫ್-8 ಎಂಬ ಗುರುತು ಅಂಟಿಸುವ ವ್ಯವಸ್ಥೆ ಬಂತು. ಗುರುತಿಲ್ಲದ್ದನ್ನು ಗಣಕದ ಸ್ಥಳೀಯ ಸಂಕೇತವೆಂದೇ ಓದಲಾಗುತ್ತಿತ್ತು. ತಕರಾರು ಹುಟ್ಟಿದ್ದು ಅಲ್ಲೇ.

ಲಿನಕ್ಸ್ ಮತ್ತು ಮ್ಯಾಕ್‌ಗಳಲ್ಲಿ ಸ್ಥಳೀಯ ಸಂಕೇತವೆಂದರೆ ಬಹುಮಟ್ಟಿಗೆ ಯುಟಿಎಫ್-8. ವಿಂಡೋಸ್‌ನಲ್ಲಿ ಅದು ಭಾಷೆಗೆ ತಕ್ಕ ಸಂಕೇತಪಟ್ಟಿ, ಅಂದರೆ ಕೋಡ್ ಪೇಜ್ ಆಗಿತ್ತು: ರಷ್ಯನ್ನಿಗೆ 1251, ಜಪಾನಿಗೆ 932. ಕನ್ನಡಕ್ಕೆ? 1991ರಲ್ಲೇ ಯೂನಿಕೋಡಿನ ಮೊದಲ ಆವೃತ್ತಿಯಲ್ಲಿ ಜಾಗ ಸಿಕ್ಕಿದ್ದರೂ ಇಂಥ ಸ್ಥಳೀಯ ಕೋಡ್ ಪೇಜ್ ಕನ್ನಡಕ್ಕಾಗಲಿ ಹಿಂದಿಗಾಗಲಿ ಇರಲೇ ಇಲ್ಲ. ಹಾಗಾಗಿ ಜಪಾನೀಯರು ಹೇಗೋ ಸಂಭಾಳಿಸಿಕೊಂಡು ಹೋದ ಕಡೆ ನಮ್ಮವರಿಗೆ ದಾರಿಯೇ ಇರಲಿಲ್ಲ. ಕಡತದಿಂದ ಸರಿಯಾಗಿ ಓದಿಕೊಂಡ ಪದವೂ ಕೋಷ್ಟಕವಾಗಿ ಅಚ್ಚಾಗುವಾಗ ಕೋನಾವರಣದೊಳಗಿನ ಯೂನಿಕೋಡ್ ಸಂಖ್ಯೆಗಳ ಸಾಲಾಗುತ್ತಿತ್ತು, ಕಡತಕ್ಕೆ ಮರಳಿ ಬರೆದರೆ ಆ ಸಂಖ್ಯೆಗಳೇ ಅಲ್ಲಿ ಉಳಿದುಬಿಡುತ್ತಿದ್ದವು. ಯುಟಿಎಫ್-8 ಅನ್ನೇ ಸ್ಥಳೀಯ ಸಂಕೇತವಾಗಿಸಿಕೊಳ್ಳುವ ಅವಕಾಶವನ್ನು ವಿಂಡೋಸ್ 10 ಕೊಟ್ಟ ಮೇಲೆ, ಟೊಮಾಸ್ ಕಲಿಬೆರಾ ಅವರ ಮುಂದಾಳುತನದ ಕೆಲಸದಿಂದ 2022ರ ಏಪ್ರಿಲ್‌ನ 4.2.0 ಆವೃತ್ತಿಯಲ್ಲಿ ಈ ಗೋಳು ತಪ್ಪಿತು. 2.1.0 ಬಂದು ಆಗಲೇ 17 ವರ್ಷ. ಬೇರೆ ಸಂಖ್ಯಾಶಾಸ್ತ್ರ ತಂತ್ರಾಂಶಗಳೂ ಅವಸರವೇನೂ ಪಟ್ಟಿರಲಿಲ್ಲ. ಎಸ್‌ಪಿಎಸ್‌ಎಸ್ 2007ರಲ್ಲಿ, ಸ್ಟಾಟಾ 2015ರಲ್ಲಿ ಯೂನಿಕೋಡಿಗೆ ಬಂದವು.

ಅಕಾರಾದಿಯ ತೊಡಕು ಇದಕ್ಕಿಂತ ನವಿರು. ಎಸ್ಟೋನಿಯನ್ ಭಾಷೆಯಲ್ಲಿ ಝಡ್ ಅಕ್ಷರ ಎಸ್ ಮತ್ತು ಟಿ ನಡುವೆ ಬರುತ್ತದೆ. ಆರ್ ಗುಂಪುಗಳನ್ನು ಗಣಕದ ಭಾಷೆಯ ಅಕಾರಾದಿಯಲ್ಲಿ ಜೋಡಿಸಿ ಮೊದಲನೆಯದನ್ನು ಹೋಲಿಕೆಯ ನೆಲೆಯಾಗಿ ಹಿಡಿಯುತ್ತದೆ. ಅಂದರೆ ಒಂದೇ ದತ್ತಾಂಶ, ಒಂದೇ ಆದೇಶ, ಆದರೂ ದೇಶ ಬದಲಾದರೆ ರಿಗ್ರೆಶನ್ ಕೋಷ್ಟಕದ ಗುಣಾಂಕಗಳು ಬೇರೆಯಾಗಬಹುದು. ಪದಗಳನ್ನು ತಾನಾಗಿ ಗುಂಪಾಗಿಸುವ ಹಳೆಯ ಅಭ್ಯಾಸವನ್ನು 2020ರ 4.0.0 ಆವೃತ್ತಿ ಕೈಬಿಟ್ಟದ್ದಕ್ಕೆ ಇದೂ ಒಂದು ಕಾರಣ.

ಒಂದೇ ಪದಕ್ಕೆ ಎರಡು ಸಂಕೇತರೂಪ ಇರುವುದು ಇನ್ನೊಂದು ತೊಡಕು. ಕನ್ನಡದ್ದೇ ಒಂದು ಉದಾಹರಣೆ: ‘ಕೋಲಾರ’ದ ಓಕಾರದ ಗುಣಿತಚಿಹ್ನೆಯನ್ನು ಯೂನಿಕೋಡಿನಲ್ಲಿ ಒಂದೇ ಸಂಕೇತವಾಗಿ ಬರೆಯಬಹುದು, ಬಿಡಿ ಚಿಹ್ನೆಗಳನ್ನು ಕೂಡಿಸಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಆರ್‌ಗೆ ಅವು ಎರಡು ಜಿಲ್ಲೆ. ಎಣಿಕೆಗೆ ಮೊದಲು ಎರಡನ್ನೂ ಒಂದೇ ರೂಪಕ್ಕೆ ತರಬೇಕಾಗುತ್ತದೆ. ಅದಕ್ಕೆ ಹೆಚ್ಚಾಗಿ ಬಳಕೆಯಾಗುವುದು ಆರ್‌ಗೆ ಜೋಡಿಸಿಕೊಳ್ಳುವ, ಮಾರೆಕ್ ಗಗೊಲೆವ್ಸ್ಕಿ ಅವರ ಸ್ಟ್ರಿಂಗಿ ಪ್ಯಾಕೇಜು. ಕನ್ನಡ ಬರೆಯುವ ‘ನುಡಿ’ ತಂತ್ರಾಂಶದ ಹಳೆಯ ಫಾಂಟುಗಳಲ್ಲಿ ಕೂಡಿಟ್ಟ ದತ್ತಾಂಶಕ್ಕಾದರೋ ಇದೂ ಸಾಲದು. ಅಲ್ಲಿರುವುದು ಕನ್ನಡದ ವೇಷ ತೊಟ್ಟ ಲ್ಯಾಟಿನ್ ಸಂಕೇತಗಳು. ಮೊದಲು ಅವನ್ನು ಯೂನಿಕೋಡಿಗೆ ಪರಿವರ್ತಿಸಿಕೊಳ್ಳಬೇಕು.

ಪ್ಯಾಕೇಜು ಬರೆಯುವವರಿಗೆ ಆಸ್ಕಿಯ ಋಣ ಇನ್ನೂ ಹರಿದಿಲ್ಲ. ಆರ್ ಪ್ಯಾಕೇಜುಗಳನ್ನು ಹಂಚುವ ಕ್ರ್ಯಾನ್ ಭಂಡಾರಕ್ಕೆ ಕಳಿಸುವ ಪ್ಯಾಕೇಜಿನ ಆದೇಶಗಳು ಆಸ್ಕಿಯಲ್ಲೇ ಇರಬೇಕೆಂಬುದು ನಿಯಮ. ‘ಕನ್ನಡ’ ಎಂದು ಬರೆಯಬೇಕಾದರೆ ಐದು ಸಂಕೇತಸಂಖ್ಯೆಗಳನ್ನು ಪೋಣಿಸಬೇಕು. ಅದೇ ಪದದ ಉದ್ದ ಕೇಳಿದರೆ ಆರ್ ಬೈಟ್ ಲೆಕ್ಕದಲ್ಲಿ 15 ಎನ್ನುತ್ತದೆ, ಸಂಕೇತಗಳ ಲೆಕ್ಕದಲ್ಲಿ 5. ಒಂದನೇ ತರಗತಿಯ ಮಗು ಮೂರು ಎನ್ನುತ್ತದೆ. ಒತ್ತಕ್ಷರವನ್ನು ಒಡೆಯದೆ ಒಂದೇ ಘಟಕವಾಗಿ ಎಣಿಸುವ ನಿಯಮವನ್ನು 2023ರಲ್ಲಿ ಯೂನಿಕೋಡ್ 15.1 ತಂದಾಗ ದೇವನಾಗರಿ, ತೆಲುಗು, ಮಲಯಾಳಂ ಮುಂತಾದ ಲಿಪಿಗಳಿಗೆ ಅದು ಅನ್ವಯವಾಯಿತು. ಆ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ.