ಕೇಸ್ ಶೀಟಿನಲ್ಲಿ ಇಲ್ಲದ ಪ್ರಶ್ನೆ

ನಂಜನಗೂಡಿನಿಂದಲೋ ಟಿ. ನರಸೀಪುರದ ಸುತ್ತಲಿನ ಯಾವುದಾದರೂ ಹಳ್ಳಿಯಿಂದಲೋ ಒಬ್ಬಾಕೆ ವೈದ್ಯರಲ್ಲಿಗೆ ಬರುತ್ತಾಳೆ ಎಂದುಕೊಳ್ಳಿ. ತಲೆನೋವು, ಎದೆಯುರಿ, ಮೈಕೈ ನೋವು, ರಾತ್ರಿ ನಿದ್ದೆಯಿಲ್ಲ. ರಕ್ತಪರೀಕ್ಷೆಯಲ್ಲಿ ಏನೂ ಸಿಗುವುದಿಲ್ಲ. ಮಾತ್ರೆ ತೆಗೆದುಕೊಂಡು ಹೋದವಳು ತಿಂಗಳು ಕಳೆದ ಮೇಲೆ ಅದೇ ನೋವಿನೊಂದಿಗೆ ಮತ್ತೆ ಬರುತ್ತಾಳೆ. ಹಾಗಾದರೆ ಆಕೆಯ ನೋವು ಸುಳ್ಳೆ? ಅಲ್ಲ. ಕೇಳಬೇಕಾಗಿದ್ದ ಒಂದು ಪ್ರಶ್ನೆಯನ್ನು ಯಾರೂ ಕೇಳಿರಲಿಕ್ಕಿಲ್ಲ: "ಮನೆಯಲ್ಲಿ ನಿಮ್ಮನ್ನು ಯಾರಾದರೂ ಹೊಡೆಯುತ್ತಾರೆಯೇ, ಹೆದರಿಸುತ್ತಾರೆಯೇ?"

ಈ ಪ್ರಶ್ನೆ ವೈದ್ಯವಿಜ್ಞಾನದೊಳಗೆ ಬಂದುದಕ್ಕೆ ಒಂದು ಇತಿಹಾಸವೇ ಉಂಟು. ಹತ್ತೊಂಬತ್ತನೆಯ ಶತಮಾನದಲ್ಲಿ ಇಂಥ ಹೆಂಗಸರಿಗೆ ಯೂರೋಪಿನ ವೈದ್ಯರು 'ಹಿಸ್ಟೀರಿಯಾ' ಎಂಬ ಹೆಸರು ಕೊಟ್ಟರು. ಗ್ರೀಕ್ ಭಾಷೆಯಲ್ಲಿ ಗರ್ಭಕೋಶ ಎಂಬ ಅರ್ಥದ ಪದದಿಂದ ಬಂದ ಹೆಸರದು. ಕಾರಣವನ್ನು ಹೆಣ್ಣಿನ ದೇಹದಲ್ಲೇ ಹುಡುಕಿದ್ದಾಯಿತು. 1915ರಲ್ಲಿ, ಮೊದಲ ಮಹಾಯುದ್ಧದ ಸೈನಿಕರಲ್ಲಿ ಇಂಥವೇ ಲಕ್ಷಣಗಳನ್ನು ಕಂಡ ಚಾರ್ಲ್ಸ್ ಮೈಯರ್ಸ್ 'ಶೆಲ್ ಶಾಕ್' ಎಂದು ಬರೆದರು. 1974ರಲ್ಲಿ ಅಮೆರಿಕದ ಆನ್ ಬರ್ಗೆಸ್ ಮತ್ತು ಲಿಂಡಾ ಹೋಮ್‌ಸ್ಟ್ರಾಮ್, ಅತ್ಯಾಚಾರಕ್ಕೊಳಗಾಗಿ ಆಸ್ಪತ್ರೆಗೆ ಬಂದವರಲ್ಲಿ ಭಯ, ದುಃಸ್ವಪ್ನ, ನಿದ್ರಾಹೀನತೆಗಳ ಒಂದು ನಿಶ್ಚಿತ ವಿನ್ಯಾಸವನ್ನು ಗುರುತಿಸಿದರು. 1980ರಲ್ಲಿ 'ಆಘಾತೋತ್ತರ ಒತ್ತಡದ ಬೇನೆ' ಅಮೆರಿಕದ ಮನೋವೈದ್ಯರ ಅಧಿಕೃತ ರೋಗಪಟ್ಟಿಗೆ ಸೇರಿತು. ಯುದ್ಧಭೂಮಿಯ ಗಾಯಕ್ಕೂ ಅಡುಗೆಮನೆಯ ಗಾಯಕ್ಕೂ ಮಿದುಳಿನಲ್ಲಿ ಹೋಲಿಕೆಯಿದೆ ಎಂಬುದು ಆಗ ಸ್ಪಷ್ಟವಾಗತೊಡಗಿತು.

ಹೋಲಿಕೆ ಹೇಗೆ? ಅಪಾಯ ಎದುರಾದಾಗ ಮಿದುಳಿನೊಳಗಿನ ಬಾದಾಮಿಯಾಕಾರದ ಅಮಿಗ್ಡಲ ಎಚ್ಚರಿಕೆ ಕೊಡುತ್ತದೆ. ಅಡ್ರಿನಲ್ ಗ್ರಂಥಿಗಳು ಅಡ್ರಿನಲಿನ್, ಕಾರ್ಟಿಸಾಲ್ ಹಾರ್ಮೋನುಗಳನ್ನು ಸ್ರವಿಸುತ್ತವೆ. ಹೃದಯ ವೇಗವಾಗಿ ಬಡಿಯುತ್ತದೆ, ಸ್ನಾಯುಗಳು ಬಿಗಿಯುತ್ತವೆ. ಅಪಾಯ ಕಳೆದರೆ ಎಲ್ಲವೂ ಸಮಸ್ಥಿತಿಗೆ ಮರಳಬೇಕು. ಆದರೆ ಅಪಾಯ ದಿನವೂ ಸಂಜೆ ಮನೆ ಬಾಗಿಲಿಗೇ ಬರುವುದಾದರೆ? ದೇಹ ಎಚ್ಚರದ ಸ್ಥಿತಿಯಲ್ಲೇ ಉಳಿದುಬಿಡುತ್ತದೆ. ಮೈಕೈ ನೋವು, ನಿದ್ದೆಗೇಡು ಇದರಿಂದ ಬರಬಹುದು.

ನಮ್ಮಲ್ಲಿ ಈ ಪ್ರಶ್ನೆಯನ್ನು ಕ್ರಮಬದ್ಧವಾಗಿ ಕೇಳಿದವರಲ್ಲಿ ಪ್ರಮುಖರು ಬೆಂಗಳೂರಿನ ನಿಮ್ಹಾನ್ಸ್‌ನ ಮನೋವೈದ್ಯೆ ಡಾ. ಪ್ರಭಾ ಎಸ್. ಚಂದ್ರ. 1990ರ ದಶಕದಲ್ಲಿ ಅವರು ಎಚ್‌ಐವಿ ಸೋಂಕಿತರ ಮಾನಸಿಕ ಆರೋಗ್ಯವನ್ನು ಕುರಿತು ಕೆಲಸ ಮಾಡಿದರು. ಸೋಂಕಿನ ಅಪಾಯವನ್ನು ಅಳೆಯಬೇಕಾದರೆ ಒಂದು ವಿಷಯ ಕೇಳಲೇಬೇಕು: ದೇಹಸಂಬಂಧ ಆಕೆಯ ಇಚ್ಛೆಯಿಂದ ನಡೆದದ್ದೇ, ಬಲವಂತದಿಂದಲೇ?

ಅವರೂ ಸಹೋದ್ಯೋಗಿಗಳೂ 2003ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಗಮನಿಸಿ. ತೀವ್ರ ಮನೋರೋಗಕ್ಕಾಗಿ ದಾಖಲಾದ 146 ಮಹಿಳೆಯರನ್ನು ವಿಚಾರಿಸಿದಾಗ 50 ಮಂದಿ, ಅಂದರೆ ಶೇ. 34, ಲೈಂಗಿಕ ಬಲಾತ್ಕಾರದ ಅನುಭವ ಹೇಳಿಕೊಂಡರು. ಆ 50ರಲ್ಲಿ 24 ಮಂದಿಗೆ ಅದನ್ನು ಮಾಡಿದವನು ಗಂಡನೇ. 30 ಮಂದಿ ಅದುವರೆಗೆ ಯಾರಿಗೂ ಹೇಳಿರಲಿಲ್ಲ. ಆಸ್ಪತ್ರೆಯ ದಾಖಲೆಗಳಲ್ಲಿ ಇದರ ಉಲ್ಲೇಖ ತೀರ ವಿರಳವಾಗಿತ್ತು. ಕೇಳದಿದ್ದುದರಿಂದ 'ಇಲ್ಲ' ಎಂದಾಗಿದ್ದ ವಿಷಯ ಕೇಳಿದೊಡನೆ 'ಇದೆ' ಎಂದಾಯಿತು!

2007ರಲ್ಲಿ ಅವರ ತಂಡ ಬೆಂಗಳೂರಿನ 203 ಗರ್ಭಿಣಿಯರ ಅಧ್ಯಯನವನ್ನು ಪ್ರಕಟಿಸಿತು. ಸುಮಾರು ಏಳರಲ್ಲೊಬ್ಬರು ಹಿಂದಿನ ವರ್ಷ ಗಂಡನಿಂದ ಪೆಟ್ಟು ತಿಂದಿದ್ದರು. ಹಿಂಸೆಗೊಳಗಾದವರಲ್ಲಿ ಅರ್ಧದಷ್ಟು ಮಂದಿಗೆ ಗರ್ಭಧಾರಣೆಯ ಕಾಲದಲ್ಲೂ ಅದು ನಿಂತಿರಲಿಲ್ಲ. ಅವರಲ್ಲಿ ಖಿನ್ನತೆಯ ಲಕ್ಷಣಗಳು ಹೆಚ್ಚಾಗಿದ್ದವು. ಹೆರಿಗೆಯ ಬಳಿಕ ಮನೋರೋಗಕ್ಕೆ ಒಳಗಾದ ತಾಯಿಯನ್ನು ಮಗುವಿನಿಂದ ಅಗಲಿಸದೆ ದಾಖಲಿಸಿಕೊಳ್ಳುವ ತಾಯಿ-ಮಗು ವಾರ್ಡ್ ನಿಮ್ಹಾನ್ಸ್‌ನಲ್ಲಿ 2009ರಲ್ಲಿ ಆರಂಭವಾಯಿತು. ಅದರ ಹಿಂದೆಯೂ ಡಾ. ಚಂದ್ರ ಅವರ ಶ್ರಮವಿದೆ. ಅದೇ ಸಂಸ್ಥೆಯ ವೀಣಾ ಸತ್ಯನಾರಾಯಣ ಮತ್ತಿತರರು ಮದ್ಯವ್ಯಸನದ ಚಿಕಿತ್ಸೆಗೆ ಬಂದ 177 ಗಂಡಸರ ಮೇಲೆ ಪ್ರಯೋಗ ನಡೆಸಿ, 2016ರಲ್ಲಿ ಫಲಿತಾಂಶ ಪ್ರಕಟಿಸಿದರು. ಕುಡಿತದ ಜೊತೆಗೆ ಹಿಂಸೆಯ ಸ್ವಭಾವಕ್ಕೂ ಮನೋಚಿಕಿತ್ಸೆ ಕೊಟ್ಟಾಗ ಹೊಡೆತ ಕಡಿಮೆಯಾಯಿತು, ಹೆಂಡತಿಯರ ಖಿನ್ನತೆಯೂ ತಗ್ಗಿತು.

ತರಗತಿಯಲ್ಲಿ ಚರ್ಚಿಸಲು ಇಲ್ಲೊಂದು ಲೆಕ್ಕವಿದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಗಂಡನ ಹಿಂಸೆಯನ್ನು ಎಂದಾದರೂ ಅನುಭವಿಸಿದ್ದೇವೆ ಎಂದ ಕರ್ನಾಟಕದ ಮಹಿಳೆಯರು 2015-16ರಲ್ಲಿ ಸುಮಾರು ಶೇ. 21. ಮುಂದಿನ ಸುತ್ತಿನಲ್ಲಿ, 2019-20ರಲ್ಲಿ, ಸುಮಾರು ಶೇ. 44. ನಾಲ್ಕು ವರ್ಷದಲ್ಲಿ ಹಿಂಸೆ ಇಮ್ಮಡಿಯಾಯಿತೆ? ಅಥವಾ ಹೇಳುವವರ ಸಂಖ್ಯೆ ಹೆಚ್ಚಾಯಿತೆ? ಎರಡನ್ನೂ ಬೇರ್ಪಡಿಸುವುದು ಸುಲಭವಲ್ಲ. ಕೇಳುವವರಾರು, ಎಲ್ಲಿ, ಯಾರ ಎದುರಿಗೆ ಎಂಬುದರ ಮೇಲೆ ಉತ್ತರ ಬದಲಾಗುತ್ತದೆ. ತಪ್ಪಾದ ಉಷ್ಣಮಾಪಕದಿಂದ ಜ್ವರ ಅಳೆದಂತೆ, ತಪ್ಪಾಗಿ ಕೇಳಿದ ಪ್ರಶ್ನೆಯೂ ತಪ್ಪು ಅಂಕಿಯನ್ನೇ ಕೊಡುತ್ತದೆ.

ಹಾಗಾದರೆ ಎಲ್ಲರನ್ನೂ ಕೇಳಿಬಿಡೋಣವೆ? ಎಚ್ಚರ ಬೇಕು. ಅತ್ತೆಯೋ ಗಂಡನೋ ಪಕ್ಕದಲ್ಲಿರುವಾಗ ಕೇಳಿದರೆ ಆಕೆಗೆ ಅಪಾಯವೇ ಹೆಚ್ಚು. ಏಕಾಂತವಿರಬೇಕು, ಗುಟ್ಟು ಕಾಪಾಡಬೇಕು, ಕೇಳಿದ ಮೇಲೆ ನೆರವಿನ ದಾರಿಯನ್ನೂ ತೋರಿಸಬೇಕು. ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲಿ ಕೊಟ್ಟ ಮಾರ್ಗಸೂಚಿಯ ಸಾರವೂ ಇದೇ.

ಇನ್ನು ನಮ್ಮ ನಂಜನಗೂಡಿನಾಕೆ ಇದಕ್ಕಾಗಿ ಬೆಂಗಳೂರಿನವರೆಗೆ ಹೋಗಬೇಕೆ? ಮನೋಚಿಕಿತ್ಸೆಯನ್ನು ಜಿಲ್ಲೆಗೆ ಒಯ್ಯುವ ಪ್ರಯತ್ನವನ್ನು ನಿಮ್ಹಾನ್ಸ್ 1980ರ ದಶಕದಲ್ಲೇ ಬಳ್ಳಾರಿಯಲ್ಲಿ ಮಾಡಿ ತೋರಿಸಿತು. ತಾಲ್ಲೂಕು ಆಸ್ಪತ್ರೆಗೆ ಮಂಗಳವಾರಗಳಂದು ಮನೋವೈದ್ಯರನ್ನು ಕರೆತರುವ 'ಮನೋಚೈತನ್ಯ' ಯೋಜನೆ ರಾಜ್ಯದಲ್ಲಿ 2014ರಲ್ಲಿ ಶುರುವಾಯಿತು. 'ಟೆಲಿ ಮಾನಸ್' (14416) 2022ರಲ್ಲಿ ಬಂತು. ಮಹಿಳಾ ಸಹಾಯವಾಣಿ 181. 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿರುವ ಕೌಟುಂಬಿಕ ಹಿಂಸೆ ತಡೆ ಕಾಯಿದೆ ರಕ್ಷಣೆಯ ಆದೇಶ ಕೊಡಿಸಬಲ್ಲದು.

ಶಿಕ್ಷಕ ಮಿತ್ರರೆ, ತರಗತಿಯಲ್ಲಿ ತೂಕಡಿಸುವ, ಸದ್ದಾದರೆ ಬೆಚ್ಚಿಬೀಳುವ ಮಗು ನಿಮಗೂ ಸಿಕ್ಕಿರಬಹುದು. ರಾತ್ರಿ ಅದರ ಮನೆಯಲ್ಲಿ ಏನಾಗುತ್ತದೆಂದು ನಮಗೆ ತಿಳಿಯದು. ಗದರುವ ಮುನ್ನ ಒಂದು ಮಾತು ಮೆಲ್ಲಗೆ ಕೇಳಿ. ಉತ್ತರ ತಕ್ಷಣ ಬರದಿರಬಹುದು. ಕೇಳುವವರಿದ್ದಾರೆ ಎಂಬುದಾದರೂ ಆ ಮಗುವಿಗೆ ತಿಳಿಯಲಿ.